ಕುಂಬಾರನ ಲೆಕ್ಕದ ಪುಸ್ತಕ

'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬುದು ನಮ್ಮ ಗಾದೆ. ಕಟ್ಟುವುದು ಕಷ್ಟ, ಕೆಡಹುವುದು ಸುಲಭ ಎಂಬುದು ಅದರ ಮೇಲ್ನೋಟದ ಅರ್ಥ. ಒಂದೇ ತಿಗರಿಯ ಮುಂದೆ ಕುಳಿತ ಕುಂಬಾರನಿಗೆ ದೊಣ್ಣೆ ಎಲ್ಲಿಂದ ಬರುತ್ತದೆಂದು ಕಣ್ಣಿಗೆ ಕಂಡೀತು. ಆದರೆ ನೂರಾರು ಕೈಗಳು ದುಡಿಯುವ ಕಾರ್ಖಾನೆಗೆ ಅವನೇ ಒಡೆಯನಾದರೆ? ಆಗ ದೊಣ್ಣೆ ಕಣ್ಣಿಗೆ ಕಾಣದ ಮೂಲೆಯಲ್ಲಿರುತ್ತದೆ. ಈ ಸಂಕಟವನ್ನು ಯಾವ ಗುರುವೂ ಇಲ್ಲದೆ ಎದುರಿಸಿದವನು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಕುಂಬಾರ ಜೊಸಾಯ ವೆಜ್‌ವುಡ್.

ಆತ ಹುಟ್ಟಿದ್ದು 1730ರಲ್ಲಿ, ಸ್ಟಾಫರ್ಡ್‌ಷೈರಿನ ಬರ್ಸ್ಲೆಮ್ ಎಂಬ ಊರಿನ ಕುಂಬಾರರ ಮನೆಯಲ್ಲಿ. ಒಂಬತ್ತರ ವಯಸ್ಸಿಗೆ ತಂದೆಯನ್ನು ಕಳೆದುಕೊಂಡ. ಬಾಲ್ಯದಲ್ಲಿ ತಗುಲಿದ ಸಿಡುಬು ಅವನ ಬಲಗಾಲನ್ನು ಕೆಡಿಸಿತು. ಕಾಲಿನಿಂದ ತಿಗರಿ ತುಳಿಯುವುದು ದುಸ್ಸಾಧ್ಯವಾಯಿತು. 1768ರಲ್ಲಿ ಆ ಕಾಲನ್ನೇ ಕತ್ತರಿಸಬೇಕಾಯಿತು. ಕಾಲು ಸೋತರೂ ಬುದ್ಧಿ ಸೋಲಲಿಲ್ಲ. 1759ರಲ್ಲಿ ಸ್ವಂತ ಕಸುಬು ಆರಂಭಿಸಿದಾಗಲೇ ಆತ ಮಣ್ಣು ಮತ್ತು ಮೆರುಗಿನ ಪ್ರಯೋಗಗಳನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದ. ಅವನ ಕೆನೆಬಣ್ಣದ ಪಾತ್ರೆಗಳನ್ನು ರಾಣಿ ಷಾರ್ಲೆಟ್ ಮೆಚ್ಚಿದಳು. ಅವಕ್ಕೆ 'ರಾಣಿಯ ಪಾತ್ರೆ' ಎಂಬ ಹೆಸರೇ ಬಂದಿತು. 1769ರಲ್ಲಿ ಎಟ್ರೂರಿಯಾ ಎಂಬ ಹೊಸ ಕಾರ್ಖಾನೆ ತೆರೆಯಿತು. ಉದ್ಘಾಟನೆಯ ದಿನ ವೆಜ್‌ವುಡ್ ತಾನೇ ಕೈಯಾರೆ ಹೂದಾನಿಗಳನ್ನು ರೂಪಿಸಿದ. ಚಕ್ರ ತಿರುಗಿಸಿದವನು ಅವನ ಗೆಳೆಯನೂ ಪಾಲುದಾರನೂ ಆದ ಥಾಮಸ್ ಬೆಂಟ್ಲಿ.

ಅಲ್ಲಿಂದ ಮುಂದೆ ಒಂದು ಪಾತ್ರೆಯನ್ನು ಒಬ್ಬನೇ ಆದ್ಯಂತ ಮಾಡುವ ಪದ್ಧತಿ ನಿಂತಿತು. ತಿರುಗಿಸುವವನೊಬ್ಬ, ಅಚ್ಚು ಒತ್ತುವವನೊಬ್ಬ, ಬಣ್ಣ ಬರೆಯುವವನೊಬ್ಬ. ಗಂಟೆ ಬಾರಿಸಿದಾಗ ಕೆಲಸಕ್ಕೆ ಬರಬೇಕು, ಗಂಟೆಯಾದಾಗ ಹೋಗಬೇಕು. ಬೇಡಿಕೆ ಬೆಳೆಯಿತು, ಬೆಳೆದಷ್ಟೂ ಒಡೆಯನಿಗೆ ತನ್ನ ವ್ಯಾಪಾರವೇ ಅಪರಿಚಿತವಾಗತೊಡಗಿತು. ಸರಕು ಹೋಗುತ್ತಿತ್ತು, ಕೈಯಲ್ಲಿ ಹಣ ನಿಲ್ಲುತ್ತಿರಲಿಲ್ಲ.

1772ರಲ್ಲಿ ಬ್ರಿಟನ್ನಿನ ಸಾಲಪೇಟೆ ಕುಸಿಯಿತು. ಮಾರಾಟವಾಗದ ಹೂದಾನಿಗಳು ರಾಶಿ ಬಿದ್ದವು. ಆಗ ವೆಜ್‌ವುಡ್ ಪ್ರಯೋಗಶಾಲೆಯ ಶ್ರದ್ಧೆಯನ್ನು ಲೆಕ್ಕದ ಪುಸ್ತಕಕ್ಕೆ ತಂದ. ಒಂದೊಂದು ಹೂದಾನಿಗೆ ಮಣ್ಣಿಗೆಷ್ಟು, ಕೂಲಿಗೆಷ್ಟು, ಸುಡುವುದಕ್ಕೆಷ್ಟು ಎಂದು ಬಿಡಿಸಿ ಬರೆದ. ಎರಡು ಸತ್ಯಗಳು ಹೊರಬಿದ್ದವು. ಮೊದಲನೆಯದು, ಪುಸ್ತಕಗಳಲ್ಲಿ ಅವ್ಯವಸ್ಥೆಯಿತ್ತು. ನಂಬಿದ್ದ ಗುಮಾಸ್ತನಿಂದ ವಂಚನೆಯೂ ನಡೆದಿತ್ತು. ಎರಡನೆಯದು ಇನ್ನೂ ಆಳವಾದದ್ದು. ಬಾಡಿಗೆ, ಅಚ್ಚುಗಳ ವೆಚ್ಚ, ಗುಮಾಸ್ತರ ಸಂಬಳ ಇವು ಹತ್ತು ಪಾತ್ರೆ ಮಾಡಿದರೂ ಅಷ್ಟೇ, ನೂರು ಮಾಡಿದರೂ ಅಷ್ಟೇ. ಹೆಚ್ಚು ಮಾಡಿದರೆ ಪ್ರತಿಯೊಂದರ ಮೇಲಿನ ಹೊರೆ ಇಳಿಯುತ್ತದೆ, ಬೆಲೆಯನ್ನೂ ಇಳಿಸಬಹುದು. ಸಿರಿವಂತರ ಮನೆಗಳನ್ನು ಅಲಂಕರಿಸಿಯಾಗಿದ್ದ ಹೂದಾನಿ ಇನ್ನು ಮಧ್ಯಮ ವರ್ಗದವರ ಮನೆಗೆ ಹೋಗಲಿ ಎಂದು ಆತ ಬೆಂಟ್ಲಿಗೆ ಬರೆದ. ಇಂದು ವಾಣಿಜ್ಯದ ವಿದ್ಯಾರ್ಥಿ ಮೊದಲ ವರ್ಷದಲ್ಲೇ ಓದುವ ಸ್ಥಿರವೆಚ್ಚದ ತತ್ತ್ವವನ್ನು ಈ ಕುಂಬಾರ ಸಂಕಟದಿಂದ ಕಲಿತ.

ಇಷ್ಟಕ್ಕೇ ನಿಲ್ಲಿಸಿದರೆ ಇದೊಂದು ಯಶಸ್ಸಿನ ಕಥೆ. ಆದರೆ ಚರಿತ್ರೆ ಅಷ್ಟು ಸುಲಭವಾಗಿ ಮುಗಿಯುವುದಿಲ್ಲ. ಹೇರುಗುದುರೆಗಳ ಬೆನ್ನ ಮೇಲೆ ಒಡೆದುಹೋಗುತ್ತಿದ್ದ ಸರಕನ್ನು ಸುರಕ್ಷಿತವಾಗಿ ಸಾಗಿಸಲೆಂದು ವೆಜ್‌ವುಡ್ ಕಾಲುವೆಯೊಂದಕ್ಕಾಗಿ ಹೋರಾಡಿದ್ದ. 1766ರಲ್ಲಿ ಅದರ ಮೊದಲ ಹೆಂಟೆಯನ್ನು ಅಗೆದವನೂ ಅವನೇ. 1777ರಲ್ಲಿ ಪೂರ್ಣಗೊಂಡ ಆ ಕಾಲುವೆ ಎಟ್ರೂರಿಯಾದ ಮಗ್ಗುಲಲ್ಲೇ ಹರಿಯುತ್ತಿತ್ತು. 1783ರ ವಸಂತದಲ್ಲಿ, ಧಾನ್ಯದ ಬೆಲೆ ಏರಿದ್ದಾಗ, ಹಿಟ್ಟು ಹೊತ್ತ ದೋಣಿಯನ್ನು ಅಲ್ಲಿಯೇ ಹಸಿದ ಜನ ತಡೆದರು. ಸರಕನ್ನು ವಶಪಡಿಸಿಕೊಂಡು ತಮಗೆ ನ್ಯಾಯವೆನಿಸಿದ ಬೆಲೆಗೆ ಮಾರಿದರು. ಸೈನಿಕರು ಬಂದರು. ಕೊನೆಗೆ ಒಬ್ಬನನ್ನು ಗಲ್ಲಿಗೇರಿಸಲಾಯಿತು.

ವೆಜ್‌ವುಡ್ ಕಠಿಣಹೃದಯಿಯಲ್ಲ. ಕೆಲಸಗಾರರಿಗೆ ಮನೆ ಕಟ್ಟಿಸಿದವನು. 1787ರಲ್ಲಿ, ಸಂಕೋಲೆಯಲ್ಲಿ ಮಂಡಿಯೂರಿದ ಗುಲಾಮನ ಚಿತ್ರವುಳ್ಳ ಪದಕವನ್ನು ತಯಾರಿಸಿ ಗುಲಾಮಗಿರಿಯ ವಿರುದ್ಧ ಹಂಚಿದವನು. ಆದರೂ ಈ ದಂಗೆಗೆ ಅವನು ಕೊಟ್ಟ ಉತ್ತರ ಒಂದು ಕಿರುಹೊತ್ತಿಗೆ. ನಿಮ್ಮ ತಂದೆತಾಯಿಗಳು ಎಂಥ ಬಡತನ ಕಂಡಿದ್ದರೆಂದು ಅವರನ್ನೇ ಕೇಳಿರಿ, ಇಂದಿನ ಏಳಿಗೆಯನ್ನು ನೋಡಿರಿ ಎಂದು ಆತ ಊರಿನ ಯುವಕರಿಗೆ ಬುದ್ಧಿ ಹೇಳಿದ. ಅವನ ಮಾತು ಸುಳ್ಳಲ್ಲ, ಏಳಿಗೆ ನಿಜವಾಗಿತ್ತು. ಆ ದಿನದ ಹಸಿವೂ ಅಷ್ಟೇ ನಿಜವಾಗಿತ್ತು.

ಬೆಳೆಯುವ ಉದ್ಯಮದ ಮೊದಲ ನಾಯಕನಿಗೆ ಕಣ್ಣು ಸಾಲದೆಂದೇ ಲೆಕ್ಕದ ಪುಸ್ತಕ ಬೇಕಾಯಿತು. ಹೂದಾನಿಯ ಗುಟ್ಟನ್ನೆಲ್ಲ ಅದು ಹೇಳಿತು. ಆದರೆ ಕೂಲಿ ಎಂಬ ಅಂಕಣದಲ್ಲಿ ಬರೆದ ಅಂಕಿ ಆ ಸಂಜೆ ಎಷ್ಟು ರೊಟ್ಟಿಗೆ ಸಾಲುತ್ತದೆ ಎಂಬುದನ್ನು ಹೇಳಲಿಲ್ಲ. ಅದನ್ನು ತಿಳಿಯಲು ಒಡೆಯನು ಪುಸ್ತಕ ಮಡಚಿ ಕೆಲಸಗಾರರ ಮನೆಯ ಬಾಗಿಲಿಗೆ ನಡೆಯಬೇಕಾಗಿತ್ತು.