ಗಡಿಕಲ್ಲು ಸರಿಸಿದ ಪಾಪ: ಬಡಗರ ಸಾವಿನ ಪಠಣವೊಂದರ ಕುರಿತು

ನೀಲಗಿರಿಯ ತೋಡರ ಹೆಸರು ಬರುವ ಹಳೆಯ ಬರಹ ಇರುವುದು ಬೆಟ್ಟದ ಕೆಳಗೆ, ಚಾಮರಾಜನಗರದಲ್ಲಿ. 1117ರ ಆ ಶಾಸನ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯನನ್ನು ತೋಡರನ್ನು ಬೆದರಿಸಿದವನು, ನೀಲಗಿರಿಯನ್ನು ಗೆದ್ದವನು ಎಂದು ಹೊಗಳುತ್ತದೆ. ಅದರ ಪಾಲಿಗೆ ಗಡಿಯೆಂದರೆ ದಂಡು ದಾಟುವ ಗೆರೆ. ಬೆಟ್ಟದ ಮೇಲೆ ಬಡಗರು ಬಾಯಿಂದ ಬಾಯಿಗೆ ಉಳಿಸಿಕೊಂಡ ಸಾವಿನ ಪಠಣದ ನಿಲುವು ಬೇರೆ.

ಬಡಗರು ತಮ್ಮ ಹಿರಿಯರು ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರೆನ್ನುತ್ತಾರೆ. 19ನೇ ಶತಮಾನದ ದಾಖಲೆಗಳಂತೆ, ಹಟ್ಟಿಯಲ್ಲಿ ಸಾವಾದಾಗ ಹಿರಿಯನೊಬ್ಬ ಶವದ ತಲೆಯ ಬಳಿ ನಿಂತು, ಸತ್ತವನ ಪಾಪಗಳನ್ನು ಒಂದೊಂದಾಗಿ ಹೇಳುತ್ತಿದ್ದ. ಸಾಲಿನ ಕೊನೆಗೆ ನೆರೆದವರು ದನಿಗೂಡಿಸುತ್ತಿದ್ದರು. ಒಟ್ಟು ಪಾಪ 1,300 ಎಂಬುದು ಸಂಪ್ರದಾಯದ ಲೆಕ್ಕ. ಅಷ್ಟನ್ನೂ ಹೊರಿಸಿ ಒಂದು ಕರುವನ್ನು ಬಿಟ್ಟುಬಿಡುತ್ತಿದ್ದರು. ಮುಂದೆ ಅದನ್ನು ದುಡಿಮೆಗೆ ಹಚ್ಚುವಂತಿರಲಿಲ್ಲ. ಮಾನವಶಾಸ್ತ್ರಜ್ಞ ಜೇಮ್ಸ್ ಫ್ರೇಜರ್ ‘ದಿ ಗೋಲ್ಡನ್ ಬೌ’ನಲ್ಲಿ ಈ ವಿಧಿಯನ್ನು ಎತ್ತಿಕೊಂಡ, ಅವನ ಕಣ್ಣೆಲ್ಲ ಕರುವಿನ ಮೇಲೆ. ನನಗೆ ಪಾಪಗಳ ಪಟ್ಟಿಯೇ ಮುಖ್ಯ.

ಚಾರ್ಲ್ಸ್ ಗೋವರ್ 1871ರಲ್ಲಿ ಅಚ್ಚು ಮಾಡಿಸಿದ ಈ ಪಠಣದ ಇಂಗ್ಲಿಷ್ ಪಾಠದಲ್ಲಿ ಹಾವು, ಹಲ್ಲಿ, ಕಪ್ಪೆಗಳನ್ನು ಕೊಂದದ್ದು, ಒಡಹುಟ್ಟಿದವರ ಮೇಲೆ ಚಾಡಿ ಹೇಳಿದ್ದು ಬರುತ್ತವೆ. ಅಂಥವುಗಳ ನಡುವೆ ಗಡಿಕಲ್ಲು ಸರಿಸಿದ ಪಾಪ. ಅದರ ಬೆನ್ನಿಗೇ ಸರ್ಕಾರದ ನೆರವು ಕೋರಿದ ಪಾಪ. ಬೆಟ್ಟದಲ್ಲಿ ದಾರಿ ತಪ್ಪಿ ಬಂದ ಅಪರಿಚಿತರಿಗೆ ತಪ್ಪು ದಾರಿ ತೋರಿಸಿದ್ದೂ ಉಂಟು. ಗೋವರ್ ಛಂದಸ್ಸಿಗೆ ಕಟ್ಟುಬಿದ್ದವನು, ಸಾಲುಗಳ ಅನುಕ್ರಮವನ್ನು ಹೆಚ್ಚು ನೆಚ್ಚಬಾರದು. ಆದರೂ ಕಲ್ಲನ್ನು ಕದ್ದು ಸರಿಸುವುದೂ ಹಟ್ಟಿಯ ಜಗಳವನ್ನು ಕಚೇರಿಗೆ ಒಯ್ಯುವುದೂ ಒಂದೇ ಪಟ್ಟಿಯಲ್ಲಿವೆ: ಗಡಿಯನ್ನು ಕಾಯಬೇಕಾದದ್ದು ಅಕ್ಕಪಕ್ಕದವರ ನಂಬಿಕೆ. ‘ಸರ್ಕಾರ’ ಇಲ್ಲಿ ಬ್ರಿಟಿಷರದೇ ಆಗಬೇಕಿಲ್ಲ; 1799ಕ್ಕೆ ಮುಂಚೆ ಬೆಟ್ಟ ಮೈಸೂರಿಗೆ ಸೇರಿತ್ತು.

ಕಲ್ಲು ನೆಡುತ್ತಿದ್ದದ್ದು ಹೊಲಕ್ಕೆ. ನೆರೆಯ ಸಮುದಾಯಗಳ ಜೊತೆಗಿನ ಗೆರೆಗಳಿಗೆ ಕಲ್ಲಿರಲಿಲ್ಲ: ತೋಡರಿಗೆ ಧಾನ್ಯ ಕೊಡುವುದು, ಕುರುಂಬರ ಮಾಟಕ್ಕೆ ಅಂಜುವುದು, ಕೋತರನ್ನು ವಾದ್ಯಕ್ಕೆ ಕರೆಯುವುದು, ಇವುಗಳಲ್ಲೇ ಅವು ಇದ್ದವು. ಇದೇ ಶವಸಂಸ್ಕಾರಕ್ಕೆ ಕೋತರ ವಾದ್ಯ ಬೇಕೇ ಬೇಕಿತ್ತು. 20ನೇ ಶತಮಾನದಲ್ಲಿ ಬಡಗರಲ್ಲಿನ ಸುಧಾರಕರು ಅದನ್ನು ಬಿಡಬೇಕೆಂದು ಹಟ ಹಿಡಿದರು, ಬಹಳಷ್ಟು ಹಟ್ಟಿಗಳು ಬಿಟ್ಟವು. ನೆರೆಯವರನ್ನು ಹೀಗೆ ಹೊರಗಿಟ್ಟದ್ದು ಪಾಪಗಳ ಪಟ್ಟಿಗೆ ಸೇರಿದೆಯೇ ಎಂಬುದನ್ನು ಈಚಿನ ಪಠಣಗಳನ್ನು ಗೋವರ್‌ನ ಪಾಠದ ಪಕ್ಕದಲ್ಲಿಟ್ಟು ನೋಡಬೇಕು.