ಎರಡೂವರೆ ಗುಂಟೆಯ ಹಕ್ಕು

ಆಸ್ಪರಾಗಸ್ ಅವಸರದವರ ಬೆಳೆಯಲ್ಲ. ಬೀಜ ಬಿತ್ತಿದವರು ಮೊದಲ ಕೊಯ್ಲಿಗೆ ಸುಮಾರು ಮೂರು ವರ್ಷ ಕಾಯಬೇಕು. ಒಂದು ವರ್ಷ ಬೆಳೆದ ಬೇರಿನ ಬುಡ ತಂದು ನೆಟ್ಟರೂ ಎರಡು ವರ್ಷ ಚಿಗುರಿಗೆ ಕೈ ಹಾಕುವಂತಿಲ್ಲ. ಆದರೆ ಒಮ್ಮೆ ಬೇರೂರಿದರೆ ಅದೇ ಪಾತಿ ಇಪ್ಪತ್ತು ವರ್ಷ ಫಲ ಕೊಡುತ್ತದೆ. ನಾಲ್ಕು ವರ್ಷದ ನಂತರವೂ ಈ ನೆಲ ತನ್ನ ಕೈಯಲ್ಲೇ ಇರುತ್ತದೆ ಎಂಬ ಧೈರ್ಯ ಇದ್ದವರು ಮಾತ್ರ ಇದನ್ನು ನೆಡಬಲ್ಲರು. ಸ್ವಂತ ನೆಲವಿಲ್ಲದ ಇಂಗ್ಲೆಂಡಿನ ಕೂಲಿಕಾರನಿಗೆ, ಗುಮಾಸ್ತನಿಗೆ ಆ ಧೈರ್ಯ ಬಂದದ್ದು ಹೇಗೆ? ಅದು ‘ಅಲಾಟ್‌ಮೆಂಟ್’ ಎಂಬ ತುಂಡು ನೆಲದ ಕಥೆ.

ಊರಿನ ಅಂಚಿನಲ್ಲೋ ರೈಲುಹಳಿಯ ಪಕ್ಕದಲ್ಲೋ ಇರುವ ಜಾಗವನ್ನು ತುಂಡು ತುಂಡಾಗಿ ಹಂಚಿ, ಅಲ್ಪ ಗೇಣಿಗೆ ತರಕಾರಿ ಬೆಳೆಯಲು ಕೊಡುವ ಪದ್ಧತಿ ಇದು. ಒಂದು ತುಂಡಿನ ರೂಢಿಯ ಅಳತೆ 10 ರಾಡ್. ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ಆಲೂಗಡ್ಡೆ, ಈರುಳ್ಳಿ, ಎಲೆಕೋಸು, ಬಟಾಣಿ, ಬೀನ್ಸ್ ಇಲ್ಲಿನ ನಿತ್ಯದ ಬೆಳೆಗಳು.

ಬೇಲಿ ಬಂದ ಮೇಲೆ

ಇಂಗ್ಲೆಂಡಿನ ಹಳ್ಳಿಗಳಲ್ಲಿಯೂ ನಮ್ಮ ಗೋಮಾಳದಂಥ ಭೂಮಿ ಇತ್ತು. ಬಡವರು ಅಲ್ಲಿ ಹಸು ಮೇಯಿಸುತ್ತಿದ್ದರು, ಸೌದೆ ಆಯುತ್ತಿದ್ದರು. ದೊಡ್ಡ ಹಿಡುವಳಿದಾರರು ಅದಕ್ಕೆ ಬೇಲಿ ಹಾಕಿ ತಮ್ಮದಾಗಿಸಿಕೊಳ್ಳುವುದು ಹಿಂದಿನಿಂದಲೂ ನಡೆದಿತ್ತು. 1649ರಲ್ಲಿ ಜೆರಾರ್ಡ್ ವಿನ್‌ಸ್ಟಾನ್ಲಿ ಮತ್ತು ಸಂಗಡಿಗರು ಸರ್ರೆಯ ಸೇಂಟ್ ಜಾರ್ಜ್ ಗುಡ್ಡವನ್ನು ಅಗೆದು ಕ್ಯಾರೆಟ್, ಬೀನ್ಸ್ ಬಿತ್ತಿದರು. ಭೂಮಿ ಎಲ್ಲರಿಗೂ ಸೇರಿದ್ದು ಎಂಬುದು ಅವರ ವಾದ. ‘ಡಿಗ್ಗರ್ಸ್’, ಅಂದರೆ ಅಗೆಯುವವರು, ಎಂದು ಹೆಸರಾದ ಅವರನ್ನು ಭೂಮಾಲೀಕರು ವರ್ಷದೊಳಗೆ ಓಡಿಸಿದರು.

18ನೇ ಶತಮಾನದಲ್ಲಿ ಬೇಲಿಗೆ ಪಾರ್ಲಿಮೆಂಟಿನ ಕಾಯಿದೆಗಳ ಬಲವೇ ಸಿಕ್ಕಿತು. ನೆಲ ಕಳೆದುಕೊಂಡವನು ಪೂರ್ತಿ ಕೂಲಿಯನ್ನೇ ನೆಚ್ಚಬೇಕಾಯಿತು. 1809ರಲ್ಲಿ ವಿಲ್ಟ್‌ಶೈರಿನ ಗ್ರೇಟ್ ಸಾಮರ್‌ಫರ್ಡ್ ಹಳ್ಳಿಯ ಪಾದ್ರಿ ಸ್ಟೀಫನ್ ಡೆಮೆನ್‌ಬ್ರೆ, ಬಡವರಿಗಾಗಿ ಆರು ಎಕರೆಯನ್ನಾದರೂ ಬೇಲಿಯಿಂದ ಹೊರಗಿಡಿ ಎಂದು ದೊರೆ ಮೂರನೇ ಜಾರ್ಜನಲ್ಲಿ ಮೊರೆಯಿಟ್ಟ. ದೊರೆ ಒಪ್ಪಿದ. ಅಲ್ಲಿನ ತೋಟಗಳು ಈ ಪದ್ಧತಿಯ ಅತಿ ಹಳೆಯ ಉದಾಹರಣೆಗಳಲ್ಲಿ ಒಂದು.

ಆದರೆ ಎಲ್ಲರೂ ಆ ಪಾದ್ರಿಯಂತಿರಲಿಲ್ಲ. ತನ್ನ ತುಂಡಿನಲ್ಲಿ ದುಡಿದು ದಣಿದವನು ನಮ್ಮ ಹೊಲದಲ್ಲಿ ಏನು ದುಡಿದಾನು ಎಂಬುದು ಜಮೀನ್ದಾರ ರೈತರ ತಕರಾರು. ಹೊಟ್ಟೆ ತುಂಬಿದ ಕೂಲಿಕಾರ ಹೇಳಿದ ಮಾತು ಕೇಳಲಾರ ಎಂಬ ಅಳುಕೂ ಇತ್ತು. ಕೆಲವೆಡೆ ಭಾನುವಾರ ಗುದ್ದಲಿ ಮುಟ್ಟಬಾರದು, ಚರ್ಚಿಗೆ ತಪ್ಪದೆ ಬರಬೇಕು ಎಂಬ ಷರತ್ತುಗಳಿದ್ದವು. 1830ರಲ್ಲಿ ಕೂಲಿಕಾರರು ದಂಗೆಯೆದ್ದು ಒಕ್ಕಣೆ ಯಂತ್ರಗಳನ್ನು ಪುಡಿಗಟ್ಟಿದ ಮೇಲೆ, ಹಸಿದವರಿಗೆ ಒಂದಿಷ್ಟು ನೆಲ ಕೊಡುವುದೇ ಕ್ಷೇಮ ಎಂದು ಹಲವು ಮಾಲೀಕರಿಗೆ ತೋರಿತು.

1845ರ ಕಾಯಿದೆ ಬಡವರ ತೋಟಕ್ಕೆ ಜಾಗ ಬಿಡಲು ಅವಕಾಶ ಮಾಡಿತು. ಫಲ ಮಾತ್ರ ಅಷ್ಟಕ್ಕಷ್ಟೇ. ಮುಂದಿನ ಸುಮಾರು ಕಾಲು ಶತಮಾನದಲ್ಲಿ ಆರು ಲಕ್ಷಕ್ಕೂ ಹೆಚ್ಚು ಎಕರೆ ಬೇಲಿಯೊಳಗೆ ಹೋಯಿತು. ಬಡವರ ಪಾಲಿಗೆ ಬಂದದ್ದು ಸುಮಾರು 2,200 ಎಕರೆ!

ಚಿತ್ರ ಬದಲಾದದ್ದು ಮತದಾನದಿಂದ. 1884ರಲ್ಲಿ ಹಳ್ಳಿಯ ಕೂಲಿಕಾರರಲ್ಲಿ ಬಹುಪಾಲು ಗಂಡಸರಿಗೆ ಮತದ ಹಕ್ಕು ಬಂತು. ‘ಮೂರು ಎಕರೆ, ಒಂದು ಹಸು’ ಎಂಬ ಘೋಷಣೆ ಹಳ್ಳಿಹಳ್ಳಿಗೂ ಮುಟ್ಟಿತು. 1886ರ ಜನವರಿಯಲ್ಲಿ ಕೂಲಿಕಾರರ ತುಂಡು ನೆಲದ ಪರವಾಗಿ ಜೆಸ್ಸಿ ಕಾಲಿಂಗ್ಸ್ ತಂದ ತಿದ್ದುಪಡಿಗೆ ಸಾಲಿಸ್‌ಬರಿ ಸರ್ಕಾರವೇ ಉರುಳಿತು. ಮರುವರ್ಷ ಅಲಾಟ್‌ಮೆಂಟ್ ಕಾಯಿದೆ ಬಂತು. 1908ರ ಕಾಯಿದೆ, ಬೇಡಿಕೆ ಇದ್ದಲ್ಲಿ ನೆಲ ಒದಗಿಸುವುದು ಸ್ಥಳೀಯ ಸಂಸ್ಥೆಗಳ ಕರ್ತವ್ಯ ಎಂದಿತು. ದಾನ ಹಕ್ಕಾಯಿತು.

ಯುದ್ಧ ಮತ್ತು ಎಲೆಕೋಸು

ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಆಹಾರದ ಹಡಗುಗಳನ್ನು ಮುಳುಗಿಸತೊಡಗಿದಾಗ ಸರ್ಕಾರ ಖಾಲಿ ಜಾಗಗಳನ್ನು ವಶಪಡಿಸಿಕೊಂಡು ಹಂಚಿತು. 1918ರ ಹೊತ್ತಿಗೆ ತುಂಡುಗಳ ಸಂಖ್ಯೆ ಸುಮಾರು 15 ಲಕ್ಷ ಮುಟ್ಟಿತು. ಯುದ್ಧ ಮುಗಿದಾಗ ಎರವಲು ಪಡೆದ ನೆಲದಲ್ಲಿ ಬಹಳಷ್ಟು ಮಾಲೀಕರಿಗೆ ಹಿಂದಿರುಗಿತು. ಎರಡನೇ ಯುದ್ಧದಲ್ಲಿ ‘ಗೆಲುವಿಗಾಗಿ ಅಗೆಯಿರಿ’ ಎಂಬ ಕರೆ ಬಂತು. ಲಂಡನ್ ಗೋಪುರದ ಕಂದಕದಲ್ಲಿಯೂ ತರಕಾರಿ ಬೆಳೆಯಿತು. ಮತ್ತೆ ಸುಮಾರು 14 ಲಕ್ಷ ತುಂಡುಗಳು ಹಸಿರಾದವು. ಶಾಂತಿ ಬಂದೊಡನೆ ಮನೆ, ರಸ್ತೆಗಳಿಗೆ ಜಾಗ ಬೇಕಾಯಿತು. 1970ರ ವೇಳೆಗೆ ಉಳಿದವು ಸುಮಾರು ಐದು ಲಕ್ಷ.

ಹಲವು ಮಕ್ಕಳ ತಾಯಿ

ಇಂಥ ತುಂಡಿನ ಮೂಲೆಯಲ್ಲಿ ಆಸ್ಪರಾಗಸ್‌ಗೆ ಜಾಗ ಕೊಡುವವನು ಮೊದಲು ಕಳೆಯನ್ನೆಲ್ಲ ಬೇರುಸಹಿತ ಕೀಳಬೇಕು. ಕಾಲುವೆ ತೋಡಿ, ಗೊಬ್ಬರ ಹಾಕಿ, ನಡುವೆ ದಿಣ್ಣೆ ಮಾಡಿ, ಜೇಡನ ಕಾಲುಗಳಂತೆ ಹರಡಿದ ಬೇರುಗಳನ್ನು ಅದರ ಮೇಲೆ ಕೂರಿಸಿ ಮಣ್ಣು ಮುಚ್ಚಬೇಕು. ನೀರು ನಿಂತರೆ ಬೇರು ಕೊಳೆಯುತ್ತದೆ. ಕೊಯ್ಲು ಏಪ್ರಿಲ್ ಕೊನೆಯಿಂದ ಜೂನ್ 21ರ ಆಸುಪಾಸಿನವರೆಗೆ ಮಾತ್ರ. ಆಮೇಲೆ ಬಂದ ಚಿಗುರನ್ನು ಕೊಯ್ಯದೆ ಗರಿಗರಿಯಾಗಿ ಬೆಳೆಯಲು ಬಿಡಬೇಕು. ಮುಂದಿನ ವರ್ಷದ ಚಿಗುರಿಗೆ ಬೇಕಾದ ಆಹಾರವನ್ನು ಆ ಹಸಿರೇ ಬೇರಿಗೆ ಇಳಿಸುತ್ತದೆ.

ಈ ಗಿಡದ ಹತ್ತಿರದ ಬಂಧು ನಮಗೆ ಹೊಸದಲ್ಲ. ಆಯುರ್ವೇದದ ಶತಾವರಿ ಇದೇ ಕುಲದ್ದು. ಒಂದೇ ಬುಡದಲ್ಲಿ ಗೊಂಚಲಾಗಿ ಇಳಿಯುವ ಅದರ ಬೇರುಗಳನ್ನು ಕಂಡು ಕನ್ನಡಿಗರು ‘ಹಲವು ಮಕ್ಕಳ ತಾಯಿ’ ಎಂದು ಕರೆದಿದ್ದಾರೆ. ನಾವು ಬೇರನ್ನು ಔಷಧಿಗೆ ಅಗೆದರೆ ಅವರು ಚಿಗುರನ್ನು ಊಟಕ್ಕೆ ಕೊಯ್ಯುತ್ತಾರೆ.

ಬೇರು ಎಷ್ಟೇ ಆಳಕ್ಕೆ ಇಳಿದರೂ ನೆಲದ ಭರವಸೆ ಪೂರ್ಣವಲ್ಲ. 1925ರ ಕಾಯಿದೆಯ ಪ್ರಕಾರ, ಅಲಾಟ್‌ಮೆಂಟ್‌ಗೆಂದೇ ಸ್ಥಳೀಯ ಸಂಸ್ಥೆ ಕೊಂಡ ನೆಲವನ್ನು ಮಂತ್ರಿಯ ಒಪ್ಪಿಗೆ ಇಲ್ಲದೆ ಮಾರುವಂತಿಲ್ಲ. ಬೇರೆ ಉದ್ದೇಶಕ್ಕೆಂದು ಇಟ್ಟು ತಾತ್ಕಾಲಿಕವಾಗಿ ಗೇಣಿಗೆ ಕೊಟ್ಟ ಜಾಗಕ್ಕೆ ಆ ರಕ್ಷಣೆಯಿಲ್ಲ. 2007ರಲ್ಲಿ ಪೂರ್ವ ಲಂಡನ್ನಿನ ಮೇನರ್ ಗಾರ್ಡನ್ ತುಂಡುಗಳು 2012ರ ಒಲಿಂಪಿಕ್ಸ್‌ಗಾಗಿ ನೆಲಸಮವಾದವು. ಹತ್ತಾರು ವರ್ಷ ಅಲ್ಲಿ ಬೆಳೆದವರು ಗುದ್ದಲಿ, ಗಿಡ ಹೊತ್ತು ಹೊರಟರು.

ಇಂದು ಬ್ರಿಟನ್ನಿನಲ್ಲಿ ಉಳಿದಿರುವ ಸುಮಾರು ಮೂರು ಲಕ್ಷ ತುಂಡುಗಳಿಗೆ ಅನೇಕ ಊರುಗಳಲ್ಲಿ ವರ್ಷಗಟ್ಟಲೆ ಕಾಯುವ ಸರದಿ ಇದೆ. ಗೇಣಿದಾರನನ್ನು ಬಿಡಿಸಲು ಸಾಮಾನ್ಯವಾಗಿ ಹನ್ನೆರಡು ತಿಂಗಳ ನೋಟಿಸು ಕೊಡಬೇಕು ಎನ್ನುತ್ತದೆ 1950ರ ಕಾಯಿದೆ. ಆಲೂಗಡ್ಡೆಗೆ ಅಷ್ಟು ಸಾಕು. ಆಸ್ಪರಾಗಸ್ ಕೇಳುವುದು ಮೂರು ವರ್ಷ. ಆದರೂ ಅದನ್ನು ನೆಡುವವರು ನೆಡುತ್ತಲೇ ಇದ್ದಾರೆ.