ಬಾಡಿಗೆಯ ಮನೆಯೂ ಪ್ರಾಚೀನರ ಆಯವಿಚಾರವೂ

ಕೈಯಲ್ಲಿರುವ ಧನವನ್ನು ಮನೆಗಳಲ್ಲಿ ತೊಡಗಿಸಿ ಬಾಡಿಗೆಯಿಂದ ಜೀವಿಸುವುದು ನಿರಪಾಯವಾದ ವೃತ್ತಿಯೆಂಬ ಭಾವನೆಯು ಬಹುಕಾಲದಿಂದ ಬಂದುದು. ಸಾಲ ಕೊಟ್ಟವನಿಗೆ ಸಾಲಗಾರನು ಓಡಿಹೋದಾನೆಂಬ ಭಯವುಂಟು. ಹಡಗಿಗೆ ಸರಕು ಹಾಕಿದವನಿಗೆ ಬಿರುಗಾಳಿಯ ಭಯವುಂಟು. ಮನೆಯಾದರೋ ನಿಂತಲ್ಲಿಯೇ ನಿಂತು ಕಾಲಕಾಲಕ್ಕೆ ಫಲವನ್ನು ಕೊಡುವುದೆಂಬುದು ಇಲ್ಲಿಯ ಪೂರ್ವಪಕ್ಷ. ಈ ವಾದದಲ್ಲಿ ಪರೀಕ್ಷೆಗೆ ಒಳಗಾಗದ ನಾಲ್ಕು ಊಹೆಗಳು ಅಡಗಿವೆ. ಮನೆಯು ನಿಲ್ಲುವುದು, ಒಕ್ಕಲು ನಿಲ್ಲುವನು, ಒಕ್ಕಲನ್ನು ಬಿಡಿಸುವುದರಲ್ಲಿ ಒಡೆಯನು ಸ್ವತಂತ್ರನು, ಕೋಣೆ ಕೋಣೆಯ ಬಾಡಿಗೆಯ ಮೊತ್ತವೇ ಆದಾಯವು. ಪ್ರಾಚೀನ ರೋಮಿನ ಬರಹಗಳನ್ನೂ ಭಾರತದ ಅರ್ಥಶಾಸ್ತ್ರ ಧರ್ಮಶಾಸ್ತ್ರಗಳನ್ನೂ ನೋಡಿದರೆ ಈ ನಾಲ್ಕರಲ್ಲಿ ಒಂದೂ ಸ್ವತಃಸಿದ್ಧವಲ್ಲವೆಂಬುದು ವ್ಯಕ್ತವಾಗುತ್ತದೆ.

ಮೊದಲನೆಯದನ್ನು ವಿಚಾರಿಸುವ. ರೋಮ್ ನಗರದಲ್ಲಿ ಜನಸಂಖ್ಯೆಯು ಹೆಚ್ಚಿ ನೆಲವು ಸಾಲದೆ ಬಂದಾಗ ಮನೆಗಳು ಮೇಲಕ್ಕೆ ಬೆಳೆದುವು. ಅಂತಸ್ತಿನ ಮೇಲೆ ಅಂತಸ್ತನ್ನು ಏರಿಸಿ ಹಲವು ಕುಟುಂಬಗಳಿಗೆ ಬಾಡಿಗೆಗೆ ಕೊಡುತ್ತಿದ್ದ ಕಟ್ಟಡಕ್ಕೆ ಇನ್ಸುಲಾ, ಎಂದರೆ ದ್ವೀಪ, ಎಂಬ ಹೆಸರಿದ್ದಿತು. ಇವು ಬೀಳುವುದೂ ಬೇಯುವುದೂ ಎಷ್ಟು ಸಾಮಾನ್ಯವಾಗಿದ್ದಿತೆಂದರೆ ಚಕ್ರವರ್ತಿ ಅಗಸ್ಟಸನು ಅವುಗಳ ಎತ್ತರಕ್ಕೆ 70 ಅಡಿಗಳ ಮಿತಿಯನ್ನು ವಿಧಿಸಿದನು. ಟ್ರಾಜನನು ಅದನ್ನು 60ಕ್ಕೆ ಇಳಿಸಿದನು. ಕ್ರಿ. ಪೂ. 53ರಲ್ಲಿ ಮಡಿದ ಧನಿಕ ಕ್ರಾಸ್ಸಸನು ಈ ವಿಪತ್ತನ್ನೇ ವ್ಯಾಪಾರಕ್ಕೆ ಮೂಲವಾಗಿ ಮಾಡಿಕೊಂಡನು. ಶಿಲ್ಪಿಗಳೂ ಕಟ್ಟುವವರೂ ಆದ ಐನೂರಕ್ಕೂ ಹೆಚ್ಚು ದಾಸರನ್ನು ಸಂಗ್ರಹಿಸಿ, ಉರಿಯುವ ಮನೆಯನ್ನೂ ಅದರ ನೆರೆಮನೆಗಳನ್ನೂ ಭಯಗೊಂಡ ಒಡೆಯರಿಂದ ಅಲ್ಪಬೆಲೆಗೆ ಕೊಳ್ಳುತ್ತಿದ್ದನೆಂದು ಪ್ಲುಟಾರ್ಕನು ತಿಳಿಸುತ್ತಾನೆ. ಅಂತಹವನೂ ತನ್ನ ವಾಸಕ್ಕೊಂದನ್ನು ಬಿಟ್ಟು ಬೇರೆ ಮನೆಯನ್ನು ಕಟ್ಟಿಸಲಿಲ್ಲ. ಕಟ್ಟುವ ಚಪಲವುಳ್ಳವರು ಕೆಡುವುದಕ್ಕೆ ಶತ್ರುಗಳೇ ಬೇಕಿಲ್ಲವೆಂಬುದು ಅವನ ಅಭಿಪ್ರಾಯವಾಗಿದ್ದಿತು.

ಕ್ರಿ. ಪೂ. 44ರ ಏಪ್ರಿಲಿನಲ್ಲಿ ಸಿಸೆರೋ ತನ್ನ ಮಿತ್ರ ಆಟಿಕಸನಿಗೆ ಬರೆದ ಒಂದು ಪತ್ರದಲ್ಲಿ, ತನ್ನ ಎರಡು ಅಂಗಡಿಗಳು ಕುಸಿದುವೆಂದೂ ಉಳಿದವು ಬಿರುಕುಬಿಟ್ಟಿವೆಯೆಂದೂ, ಒಕ್ಕಲುಗಳಷ್ಟೇ ಅಲ್ಲದೆ ಇಲಿಗಳೂ ಜಾಗಬಿಟ್ಟು ಹೋದುವೆಂದೂ ತಿಳಿಸುತ್ತಾನೆ. ಇಲ್ಲಿ ಹಾಸ್ಯವಿದ್ದರೂ ವಿಷಯವು ಗಂಭೀರವಾದುದು: ಗೋಡೆಯೊಡನೆ ಬಾಡಿಗೆಯೂ ಹೋಗುವುದು, ಮತ್ತೆ ಕಟ್ಟುವ ವೆಚ್ಚವು ಬರುವುದು. ಹಾನಿಯನ್ನೇ ಲಾಭವಾಗಿ ಮಾಡುವಂತೆ ಮತ್ತೆ ಕಟ್ಟಿಸುವ ಉಪಾಯವೊಂದನ್ನು ಅವನಿಗೆ ಹೇಳಿಕೊಡುವವರೂ ಆಗಲೇ ಇದ್ದರು.

ಕ್ರಿ. ಶ. ಎರಡನೆಯ ಶತಮಾನದ ಗೆಲ್ಲಿಯಸನು ಹೇಳುವ ಪ್ರಸಂಗವು ಇನ್ನೂ ಸ್ಪಷ್ಟವಾದುದು. ವಾಗ್ಮಿ ಜೂಲಿಯಾನಸನೊಡನೆ ಹೋಗುತ್ತಿದ್ದವರು ಎತ್ತರವಾದ ಇನ್ಸುಲಾ ಒಂದು ಉರಿಯುವುದನ್ನು ಕಂಡರು. ಪಟ್ಟಣದ ಮನೆಗಳ ಆದಾಯವು ದೊಡ್ಡದು, ಅಪಾಯವು ಅದಕ್ಕಿಂತಲೂ ಬಹಳ ದೊಡ್ಡದು. ಬೆಂಕಿಗೊಂದು ಪರಿಹಾರವಿದ್ದಿದ್ದರೆ ಹಳ್ಳಿಯ ಜಮೀನನ್ನು ಮಾರಿ ಪಟ್ಟಣದಲ್ಲಿ ಕೊಳ್ಳುತ್ತಿದ್ದೆನೆಂದು ಒಬ್ಬನು ಹೇಳಿದನು. ಅದಕ್ಕೆ ಜೂಲಿಯಾನಸನು, ಪಟಿಕವನ್ನು ಬಳಿದ ಮರವು ಉರಿಯಲಿಲ್ಲವೆಂದು ಹಳೆಯ ಇತಿಹಾಸಗ್ರಂಥವೊಂದರಲ್ಲಿ ಇರುವುದನ್ನು ತೋರಿಸಿದನು. ಧನವನ್ನು ಹೂಡುವ ಮೊದಲು ಅಪಾಯವನ್ನು ಆದಾಯದೊಡನೆ ತೂಗಿದ ಆ ಅನಾಮಧೇಯನ ಬುದ್ಧಿಯು ಪಂಡಿತನ ಉತ್ತರಕ್ಕಿಂತ ಮೇಲಾದುದೆಂದು ಹೇಳಬೇಕಾಗಿದೆ.

ಆದಾಯದ ಮೊತ್ತವನ್ನು ಕುರಿತ ಊಹೆಗೆ ಕ್ರಿ. ಪೂ. 39ರಲ್ಲಿ ಕಾನ್ಸಲನಾಗಿದ್ದ ಆಲ್ಫೇನಸನ ವ್ಯವಸ್ಥೆಯೊಂದು ದೃಷ್ಟಾಂತವು. ಅದು ಜಸ್ಟಿನಿಯನನ ಆಜ್ಞೆಯಿಂದ ಕ್ರಿ. ಶ. 533ರಲ್ಲಿ ಪ್ರಕಟವಾದ ಡೈಜೆಸ್ಟ್ ಎಂಬ ಸಂಗ್ರಹದಲ್ಲಿ ಉಳಿದಿದೆ. ಒಬ್ಬನು ಇನ್ಸುಲಾವನ್ನು 30ಕ್ಕೆ ಗುತ್ತಿಗೆ ಹಿಡಿದು, ಬಿಡಿಕೋಣೆಗಳನ್ನು ಒಟ್ಟು 40 ಬರುವಂತೆ ಒಳಬಾಡಿಗೆಗೆ ಕೊಟ್ಟಿದ್ದನು. ಕಟ್ಟಡವು ಶಿಥಿಲವಾಗಿದೆಯೆಂದು ಒಡೆಯನು ಅದನ್ನು ಕೆಡವಿಸಿದನು. ಕೆಡವುವುದು ಅನಿವಾರ್ಯವಾಗಿದ್ದರೆ ಒಡೆಯನು ತಾನು ಕೊಟ್ಟ ಗುತ್ತಿಗೆಯ ಪ್ರಮಾಣದಲ್ಲಿ, ವಾಸಕ್ಕೆ ತಪ್ಪಿದ ಕಾಲಕ್ಕೆ ಮಾತ್ರ, ಹೊಣೆಗಾರನು. ಅನಿವಾರ್ಯವಲ್ಲದೆ ಉತ್ತಮವಾದುದನ್ನು ಕಟ್ಟುವ ಆಶೆಯಿಂದ ಕೆಡವಿದ್ದರೆ ಗುತ್ತಿಗೆದಾರನ ಪೂರ್ಣ ನಷ್ಟಕ್ಕೆ ಹೊಣೆಗಾರನು ಎಂದು ನಿರ್ಣಯವಾಯಿತು. ಹೀಗಾಗಿ ಕಟ್ಟಡವು ನಿಜವಾಗಿ ಶಿಥಿಲವಾಗಿದ್ದಲ್ಲಿ ನಡುವಿನ 10 ಯಾರಿಂದಲೂ ಬರುವಂತಿರಲಿಲ್ಲ. ಕೆಡವದೆ ಇದ್ದರೂ, 40ರಲ್ಲಿ ಕಾಲುಭಾಗದ ಬಾಡಿಗೆಯು ನಿಂತರೆ ಕೈಗೆ ಬರುವುದು 30 ಮಾತ್ರ. ಅದೂ ಗುತ್ತಿಗೆಗೇ ಸಲ್ಲುವುದು. ನಾಲ್ಕು ಕೋಣೆಗಳಲ್ಲಿ ಒಂದು ಬರಿದಾದರೆ ಲಾಭವೆಲ್ಲವೂ ಶೂನ್ಯವೆಂಬುದು ಈ ಅಂಕಿಗಳಿಂದಲೇ ಸಿದ್ಧವಾಗುತ್ತದೆ. ಭಯಕ್ಕೆ ನ್ಯಾಯವಾದ ಕಾರಣವಿದ್ದು ಮನೆಬಿಟ್ಟ ಒಕ್ಕಲು, ವಾಸ್ತವವಾಗಿ ಅಪಾಯವಿಲ್ಲದಿದ್ದರೂ, ಬಾಡಿಗೆಯನ್ನು ಕೊಡಬೇಕಿಲ್ಲವೆಂಬ ವ್ಯವಸ್ಥೆಯೂ ಅದೇ ಸಂಗ್ರಹದಲ್ಲಿದೆ.

ಇನ್ನು ಭಾರತೀಯ ಗ್ರಂಥಗಳು. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತು, ಆರ್. ಶಾಮಶಾಸ್ತ್ರಿಗಳಿಂದ 1909ರಲ್ಲಿ ಮುದ್ರಿತವಾದ ಕೌಟಿಲ್ಯನ ಅರ್ಥಶಾಸ್ತ್ರವು ಧರ್ಮಸ್ಥೀಯಾಧಿಕರಣದಲ್ಲಿ ಮನೆಬಾಡಿಗೆಯನ್ನು ಅವಕ್ರಯವೆಂಬ ಶಬ್ದದಿಂದ ನಿರ್ದೇಶಿಸುತ್ತದೆ. ಬಿಡೆಂದರೂ ಬಿಡದ ಒಕ್ಕಲಿಗೆ ಹೇಗೋ ಹಾಗೆ ಬಾಡಿಗೆ ಕೊಟ್ಟವನನ್ನು ಹೊರಡಿಸುವ ಒಡೆಯನಿಗೂ ದಂಡವುಂಟು. ಪಾರುಷ್ಯ, ಸ್ತೇಯ, ಸಾಹಸ, ಸಂಗ್ರಹಣ, ಮಿಥ್ಯಾಭೋಗಗಳಲ್ಲಿ ಮಾತ್ರ ಈ ನಿಯಮಕ್ಕೆ ಅಪವಾದ. ತಾನಾಗಿ ಹೊರಡುವ ಒಕ್ಕಲು ವರ್ಷದ ಬಾಡಿಗೆಯ ಶೇಷವನ್ನು ಸಲ್ಲಿಸತಕ್ಕದ್ದು. ನಾರದಸ್ಮೃತಿಯು ಸ್ತೋಮವೆಂದು ಕರೆಯುವುದು ಈ ಬಾಡಿಗೆಯನ್ನೇ. ಪರರ ನೆಲದಲ್ಲಿ ಮನೆ ಕಟ್ಟಿ ಸ್ತೋಮವನ್ನು ಕೊಟ್ಟು ವಾಸಿಸಿದವನು ಹೊರಡುವಾಗ ಹುಲ್ಲು, ಮರ, ಇಟ್ಟಿಗೆಗಳನ್ನು ಒಯ್ಯಬಹುದೆಂದೂ, ಸ್ತೋಮವಿಲ್ಲದೆ ನೆಲದೊಡೆಯನ ಇಷ್ಟಕ್ಕೆ ವಿರೋಧವಾಗಿ ಇದ್ದವನು ಒಯ್ಯಕೂಡದೆಂದೂ ಅದರ ವಿಧಿ. ಆದುದರಿಂದ ಬಾಡಿಗೆಯನ್ನು ಪಡೆದ ನೆಲದೊಡೆಯನು ಕಡೆಗೆ ಕಟ್ಟಡವೂ ತನಗೇ ಉಳಿಯುವುದೆಂದು ಎಣಿಸುವಂತಿಲ್ಲ.

ಇಲ್ಲೊಂದು ಎಚ್ಚರಿಕೆಯು ಅವಶ್ಯಕ. ಸಿಸೆರೋವಿನ ಪತ್ರವು ನಡೆದುದನ್ನು ಹೇಳುವುದು. ಕೌಟಿಲ್ಯ ನಾರದರ ವಚನಗಳು ನಡೆಯಬೇಕಾದುದನ್ನು ಹೇಳುವುವು. ವಿಧಿಯಿಂದಲೇ ಆಚಾರವನ್ನು ಸಾಧಿಸುವುದು ಯುಕ್ತವಲ್ಲ. ಆದರೂ ವಿವಾದವಿಲ್ಲದಲ್ಲಿ ವಿಧಿಗೆ ಪ್ರಸಕ್ತಿಯಿಲ್ಲ. ವರ್ಷದ ನಡುವೆ ಹೊರಡುವ ಒಕ್ಕಲನ್ನೂ ಅಕಾರಣವಾಗಿ ಬಿಡಿಸುವ ಒಡೆಯನನ್ನೂ ಶಾಸ್ತ್ರಕಾರನು ಎಣಿಸಿರುವುದರಿಂದ, ಅಂತಹ ಪ್ರಸಂಗಗಳು ಅವನಿಗೆ ಅಪರಿಚಿತವಾಗಿರಲಿಲ್ಲವೆಂದು ಅನುಮಾನಿಸಬಹುದು.

ಹೀಗೆ ಎರಡು ದೇಶಗಳ ಸಾಕ್ಷ್ಯವೂ ಒಂದೇ ಕಡೆಗೆ ಸಾಗುತ್ತದೆ. ಮನೆಯಲ್ಲಿ ಧನವನ್ನು ಹೂಡುವುದು ಅಯುಕ್ತವೆಂದು ಪ್ರಾಚೀನರು ಹೇಳಲಿಲ್ಲ. ಬರುವ ಬಾಡಿಗೆಯನ್ನು ಎಣಿಸುವ ಮೊದಲು ಬಾರದಿರಬಹುದಾದುದನ್ನು ಎಣಿಸಬೇಕೆಂಬುದೇ ಅವರ ಅನುಭವದಿಂದ ಸಿದ್ಧವಾಗುವ ಅರ್ಥವು. ಗುತ್ತಿಗೆ ಹಿಡಿದವನ 40ರ ಲೆಕ್ಕದಲ್ಲಿ ಕೂಡಿಸಿದುದು ತಪ್ಪಾಗಿರಲಿಲ್ಲ. ಎಲ್ಲ ಕೋಣೆಗಳೂ ಎಲ್ಲ ಕಾಲದಲ್ಲಿಯೂ ತುಂಬಿರುವುವೆಂಬ ಊಹೆಯು ಮಾತ್ರ ಪರೀಕ್ಷಿತವಾಗಿರಲಿಲ್ಲ.